ಮಧ್ಯಾಹ್ನದ ಬಿಸಿಲು ಮಣ್ಣಿನ ಗೋಡೆಯಲ್ಲಿ ಎಲ್ಲಿಗೆ ಹೋಗುತ್ತದೆ?

ಮೇ ತಿಂಗಳು, ಮಧ್ಯಾಹ್ನ ಎರಡು ಗಂಟೆ. ಮಹಾರಾಷ್ಟ್ರದ ಸೇವಾಗ್ರಾಮ ಆಶ್ರಮದ ಅಂಗಳದಲ್ಲಿ ಚಪ್ಪಲಿ ಬಿಟ್ಟು, ಗಾಂಧೀಜಿ ಇದ್ದ ಬಾಪು ಕುಟಿಯ ಕಡೆ ಹೊರಟೆ. ಅಂಗಾಲು ಚುರ್ ಎಂದಿತು. ನಾಲ್ಕೇ ಹೆಜ್ಜೆಗೆ ಓಡಿ ಜಗಲಿ ಹತ್ತಿದೆ. ಒಳಗೆ ಕಾಲಿಟ್ಟರೆ ಸೆಗಣಿ ಸಾರಿಸಿದ ನೆಲ. ಉರಿಯುವ ಅಂಗಾಲಿಗೆ ಒದ್ದೆ ಬಟ್ಟೆ ಒತ್ತಿದ ಹಾಗಾಯಿತು. ಸ್ವಲ್ಪ ಹೊತ್ತು ಅಲ್ಲೇ ನಿಂತುಬಿಟ್ಟೆ.

ವಿದರ್ಭದ ಬೇಸಿಗೆ ಅಂದರೆ ಸುಮ್ನೆ ಮಾತಲ್ಲ. 45 ಡಿಗ್ರಿ ದಾಟುವ ದಿನಗಳೂ ಇವೆ. ಅಂಥ ಊರಿನಲ್ಲಿ ಮಣ್ಣು, ಬಿದಿರು, ಮರ, ನಾಡಹೆಂಚು ಬಿಟ್ಟರೆ ಬೇರೇನೂ ಇಲ್ಲದ ಗುಡಿಸಲಿನಲ್ಲಿ ಒಂದು ದೇಶದ ರಾಜಕೀಯವೇ ನಡೆದಿತ್ತು. ಚಾಪೆ, ಬಿಳಿ ದಿಂಬು, ಮೊಣಕಾಲೆತ್ತರದ ಒಂದು ಮೇಜು, ಇಷ್ಟರ ಮುಂದೆ ಕೂತು ಗಾಂಧೀಜಿ ದಿನವಿಡೀ ಪತ್ರ ಬರೆಯುತ್ತಿದ್ದರು. ವೈಸ್‌ರಾಯ್ ಜೊತೆ ಮಾತಾಡಲೆಂದು ಬ್ರಿಟಿಷ್ ಸರ್ಕಾರವೇ ಹಾಕಿಸಿಕೊಟ್ಟ ಟೆಲಿಫೋನು ಇಂದಿಗೂ ಇಲ್ಲಿದೆ. ಹಾವು ಹಿಡಿಯುವ ಇಕ್ಕಳವೂ ಇದೆ. ಹಾವನ್ನು ಕೊಲ್ಲದೆ ಹಿಡಿದು ದೂರ ಬಿಟ್ಟು ಬರಲು ಇದ್ದದ್ದು ಅದು.

ನಾನು ಗಾಂಧೀಜಿಯನ್ನು ನೋಡಲು ಅಂತ ಹೋದವನು. ನೋಡಿಕೊಂಡು ಬಂದದ್ದು ಗೋಡೆಯನ್ನು.

1930ರ ಮಾರ್ಚ್ 12ರಂದು ಸಾಬರಮತಿಯಿಂದ ದಾಂಡಿಗೆ ಹೊರಟಾಗ, ಸ್ವರಾಜ್ಯ ಸಿಗದೆ ಈ ಆಶ್ರಮಕ್ಕೆ ಮರಳುವುದಿಲ್ಲ ಅಂತ ಗಾಂಧೀಜಿ ಹೇಳಿದ್ದರು. ಮುಂದೆ ಉದ್ಯಮಿ ಜಮ್ನಾಲಾಲ್ ಬಜಾಜರು ಅವರನ್ನು ವಾರ್ಧಾಕ್ಕೆ ಕರೆಸಿಕೊಂಡರು. ಅಲ್ಲಿಂದ ಸುಮಾರು 8 ಕಿಲೋಮೀಟರ್ ದೂರದ ಸೇಗಾಂವ್ ಎಂಬ ಹಳ್ಳಿಗೆ ಅವರು ಬಂದದ್ದು 1936ರ ಏಪ್ರಿಲ್ 30ಕ್ಕೆ. ಆಗ ಅವರಿಗೆ 66 ವರ್ಷ. ಊರಿಗೆ ಸರಿಯಾದ ರಸ್ತೆ ಇರಲಿಲ್ಲ. ಮಲೇರಿಯಾ ಕಾಟ ಬೇರೆ. ಬಂದ ವರ್ಷವೇ ಅವರೂ ಮಲೇರಿಯಾದಿಂದ ಮಲಗಿದರು. ಶೇಗಾಂವ್ ಅಂತ ಇನ್ನೊಂದು ಊರು ಇದ್ದದ್ದರಿಂದ ಅಂಚೆಯವರಿಗೆ ಗೊಂದಲವಾಗುತ್ತಿತ್ತು. ಹಾಗಾಗಿ 1940ರಲ್ಲಿ ಊರಿಗೆ ಸೇವಾಗ್ರಾಮ ಎಂಬ ಹೆಸರು ಬಂತು.

ಇಲ್ಲಿ ಮೊದಲು ಎದ್ದ ಮನೆ ಆದಿ ನಿವಾಸ. ಅದಕ್ಕೆ ಗಾಂಧೀಜಿ ಹಾಕಿದ ಷರತ್ತುಗಳು ಸರಳ. ಸಾಮಾನು ಈ ಸುತ್ತಿನದೇ ಆಗಬೇಕು. ಕೆಲಸದವರು ಈ ಊರಿನವರೇ ಆಗಬೇಕು. ಖರ್ಚು 100 ರೂಪಾಯಿ ಮೀರಬಾರದು. ಕಟ್ಟಿಸುವ ಹೊಣೆ ಹೊತ್ತವರು ಮೀರಾಬೆನ್, ಬ್ರಿಟಿಷ್ ನೌಕಾಪಡೆಯ ಅಡ್ಮಿರಲ್ ಒಬ್ಬರ ಮಗಳು. ಈಗ ನಾವು ಬಾಪು ಕುಟಿ ಅನ್ನುವುದು ಮೀರಾಬೆನ್ ತಮಗಾಗಿ ಕಟ್ಟಿಕೊಂಡಿದ್ದ ಗುಡಿಸಲು. ಅವರೇ ಕೈಯಾರೆ ಗೋಡೆ ಮೇಲೆ ಹಸಿ ಮಣ್ಣಿನಲ್ಲಿ ತಾಳೆ ಮರ, ನವಿಲು, ಓಂಕಾರ ಮೂಡಿಸಿದ್ದಾರೆ. ನಾನು ತುಂಬ ಹೊತ್ತು ನೋಡುತ್ತಾ ಕೂತಿದ್ದು ಆ ತಾಳೆ ಮರಗಳನ್ನೇ. ಗರಿಯ ಒಂದೊಂದು ಎಳೆಯೂ ಬೆರಳಿನ ಅಗಲಕ್ಕಿದೆ. ಬೆರಳಿನಲ್ಲೇ ಎಳೆದದ್ದು ಅಂತ ನೋಡಿದರೇ ಗೊತ್ತಾಗುತ್ತದೆ.

ಸಿಮೆಂಟಿನಲ್ಲಿ ಹೀಗೆ ಮಾಡಲು ಹೋದರೆ ಚರ್ಮ ಸುಡುತ್ತದೆ. ಜೊತೆಗೆ ಅವಸರ ಬೇರೆ. ಸಿಮೆಂಟಿಗೆ ನೀರು ಬಿದ್ದ ಕೂಡಲೇ ಒಳಗೆ ರಾಸಾಯನಿಕ ಕ್ರಿಯೆ ಶುರು. ಒಮ್ಮೆ ಗಟ್ಟಿಯಾದರೆ ಮುಗಿಯಿತು, ಮತ್ತೆ ಹಿಂದಿನ ಪುಡಿ ಆಗುವುದಿಲ್ಲ. ಮಣ್ಣು ಹಾಗಲ್ಲ. ಅದು ಒಣಗುತ್ತದೆ, ಅಷ್ಟೇ. ಬೇರೆ ವಸ್ತುವಾಗಿ ಬದಲಾಗುವುದಿಲ್ಲ. ನವಿಲಿನ ಕತ್ತು ಸೊಟ್ಟಗಾಯಿತಾ? ನೀರು ಚಿಮುಕಿಸಿ ಮತ್ತೆ ತಿದ್ದಬಹುದು. ಹತ್ತು ವರ್ಷ ಬಿಟ್ಟು ಬಂದರೂ ತಿದ್ದಬಹುದು. ಮಣ್ಣಿನ ಮನೆಯ ಗುಣ, ದೋಷ ಎರಡೂ ಈ ಒಂದು ಸಂಗತಿಯಿಂದಲೇ ಬಂದಿವೆ.

ಹಾಗಾದರೆ ಸುಮ್ಮನೆ ಒಣಗಿದ ಮಣ್ಣು ಗೋಡೆಯಾಗಿ ನಿಲ್ಲುವುದು ಹೇಗೆ? ಮಣ್ಣಿನಲ್ಲಿ ಮರಳಿದೆ, ಅದಕ್ಕಿಂತ ನುಣುಪಾದ ಹೂಳಿದೆ, ಎಲ್ಲಕ್ಕಿಂತ ನುಣುಪಾದ ಜೇಡಿ ಇದೆ. ಜೇಡಿಯ ಕಣ ಎರಡು ಮೈಕ್ರಾನ್‌ಗಿಂತ ಚಿಕ್ಕದು, ಅಂದರೆ ಒಂದು ಮಿಲಿಮೀಟರಿನ ಐನೂರನೇ ಒಂದು ಪಾಲು ಕೂಡ ಇಲ್ಲ. ಕಣ ಅನ್ನುವುದಕ್ಕಿಂತ ಹಾಳೆ ಅನ್ನುವುದೇ ಸರಿ. ಎರಡು ಗಾಜಿನ ಚೂರುಗಳ ನಡುವೆ ಒಂದು ಹನಿ ನೀರು ಹಾಕಿ ಒತ್ತಿ ನೋಡಿ. ಬಿಡಿಸಲು ಒದ್ದಾಡಬೇಕು. ಗೋಡೆ ಒಣಗಿದೆ ಅಂತ ನಾವು ಅಂದುಕೊಂಡ ಮೇಲೂ ಜೇಡಿಯ ಹಾಳೆಗಳ ನಡುವೆ ಇಂಥ ನೀರಿನ ತೆಳು ಪೊರೆ ಉಳಿದಿರುತ್ತದೆ. ಗಾಳಿಯಲ್ಲಿರುವ ತೇವದಿಂದಲೇ ಅದು ಬದುಕಿರುತ್ತದೆ. ಆ ಪೊರೆ ಹಾಳೆಗಳನ್ನು ಒಂದಕ್ಕೊಂದು ಎಳೆದು ಹಿಡಿಯುತ್ತದೆ. ಹಾಳೆಗಳು ಮರಳನ್ನು ಹಿಡಿಯುತ್ತವೆ. ಮನೆ ನಿಲ್ಲುತ್ತದೆ.

ಇಷ್ಟು ಕೇಳಿದರೆ ಜೇಡಿ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅನ್ನಿಸಬಹುದು. ವಾರ್ಧಾದ ರೈತರನ್ನು ಕೇಳಿದರೆ ಬೇರೆ ಮಾತು ಹೇಳುತ್ತಾರೆ. ಇದು ಹತ್ತಿ ಬೆಳೆಯುವ ಕಪ್ಪು ನೆಲ, ನಮ್ಮ ಗದಗ, ಧಾರವಾಡದ ಕಡೆಯ ಎರೆಭೂಮಿಯ ಹಾಗೆ. ಸುಮಾರು 6.6 ಕೋಟಿ ವರ್ಷದ ಹಿಂದೆ ದಖ್ಖನ್ನಿನ ಮೇಲೆ ಲಾವಾ ಹರಿದು ಹರಿದು ಪದರ ಪದರವಾಗಿ ಬಂಡೆಯಾಯಿತು. ಆ ಕರಿಕಲ್ಲು ಸವೆದು ಆದದ್ದು ಈ ಮಣ್ಣು. ಇದರಲ್ಲಿ ಇರುವ ಜೇಡಿಗೆ ಮಾಂಟ್‌ಮೊರಿಲೊನೈಟ್ ಅಂತ ಹೆಸರು. ಚಿರೋಟಿ ನೋಡಿದ್ದೀರಲ್ವಾ, ಎಳೆ ಎಳೆಯಾಗಿ ಬಿಚ್ಚಿಕೊಂಡಿರುತ್ತದೆ. ಈ ಜೇಡಿಯ ಕಣವೂ ಹಾಗೇ. ಪ್ರತಿ ಎರಡು ಎಳೆಯ ನಡುವೆ ನೀರು ನುಗ್ಗುತ್ತದೆ. ಎಲ್ಲ ಎಳೆಗಳನ್ನೂ ಬಿಡಿಸಿ ಹಾಸಿದರೆ ಒಂದೇ ಒಂದು ಗ್ರಾಂ ಜೇಡಿಯ ಮೈ ಸುಮಾರು 800 ಚದರ ಮೀಟರ್ ಆಗುತ್ತದೆ. ಬೆಂಗಳೂರಿನ ಲೆಕ್ಕದಲ್ಲಿ ಹೇಳುವುದಾದರೆ 30-40ರ ಏಳು ಸೈಟು! ಒಂದು ಚಿಟಿಕೆ ಮಣ್ಣಿನಲ್ಲಿ.

ಅಷ್ಟು ಮೈಗೆ ನೀರು ಹತ್ತಿದರೆ ಊದದೆ ಇನ್ನೇನು? ಮಳೆಗಾಲದಲ್ಲಿ ಎರೆಮಣ್ಣು ಉಬ್ಬುತ್ತದೆ, ಬೇಸಿಗೆಯಲ್ಲಿ ಸೊರಗಿ ಬಿರಿಯುತ್ತದೆ. ನಮ್ಮೂರಲ್ಲಿ ಮೇ ತಿಂಗಳಿಗೆ ಹೊಲದ ಬಿರುಕಿನಲ್ಲಿ ನನ್ನ ಕೈ ಮೊಣಕೈವರೆಗೆ ಇಳಿಯುತ್ತಿತ್ತು. ಇಂಥ ಮಣ್ಣನ್ನು ಹಾಗೇ ತಂದು ಗೋಡೆಗೆ ಮೆತ್ತಿದರೆ ಒಣಗುವಷ್ಟರಲ್ಲಿ ಸೀಳುತ್ತದೆ. ಬೆಂಗಳೂರು ಸುತ್ತಿನ ಕೆಂಪು ಮಣ್ಣಿನ ಜೇಡಿ ಬೇರೆ ಜಾತಿಯದು, ಕೆಯೊಲಿನೈಟ್. ಅದರ ಹಾಳೆಗಳು ಹೊಸ ಇಸ್ಪೀಟ್ ಕಟ್ಟಿನ ಹಾಗೆ ಬಿಗಿಯಾಗಿ ಅಂಟಿಕೊಂಡಿರುತ್ತವೆ, ನೀರು ಒಳಗೆ ಹೋಗುವುದಿಲ್ಲ. ಕೆಂಪು ಮಣ್ಣು ಗೋಡೆಗೆ ಸಲೀಸಾಗಿ ಒಗ್ಗುತ್ತದೆ. ಕಪ್ಪು ಮಣ್ಣಿಗೆ ಗರಸು ಬೆರೆಸಬೇಕು, ಹಳ್ಳದ ಮರಳು ಬೆರೆಸಬೇಕು, ಹೊಟ್ಟು ಹಾಕಿ ತುಳಿಯಬೇಕು, ಕೊಳೆಯಲು ಬಿಡಬೇಕು. ಎಷ್ಟು ಬೆರೆಸಬೇಕು ಅನ್ನುವುದು ಊರಿಂದ ಊರಿಗೆ ಬೇರೆ.

ನಿಮ್ಮ ಮಣ್ಣು ಹೇಗಿದೆ ನೋಡಬೇಕಾ? ಒಂದು ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಪಾಲು ಮಣ್ಣು ಹಾಕಿ, ನೀರು ತುಂಬಿ, ಒಂದು ಚಿಟಿಕೆ ಉಪ್ಪು ಸೇರಿಸಿ ಚೆನ್ನಾಗಿ ಅಲ್ಲಾಡಿಸಿ ಇಟ್ಟುಬಿಡಿ. ಮರಳು ಒಂದೆರಡು ನಿಮಿಷಕ್ಕೆ ಕೆಳಗೆ ಕೂರುತ್ತದೆ. ಹೂಳು ಒಂದೆರಡು ಗಂಟೆಗೆ. ಜೇಡಿ ಮಾತ್ರ ಮಾರನೇ ದಿನಕ್ಕೂ ತೇಲುತ್ತಿರುತ್ತದೆ. ಪದರಗಳ ಎತ್ತರ ಅಳೆದರೆ ನಿಮ್ಮ ಹಿತ್ತಿಲಿನ ಲೆಕ್ಕ ಸಿಕ್ಕಿತು. ನಾನು ಮನೆಗೆ ಬಂದ ವಾರವೇ ಮಾಡಿದೆ. ಬಾಟಲಿ ಇನ್ನೂ ಕಿಟಕಿಯಲ್ಲಿದೆ.

ಸಾಮಾನು ಹತ್ತಿರದ್ದಾಗಿರಬೇಕು ಅನ್ನುವ ಗಾಂಧೀಜಿಯ ಮಾತಿಗೆ ಒಂದು ಚೆಂದದ ಕತೆ ಸೇರಿಕೊಂಡಿದೆ. 1940ರ ದಶಕದಲ್ಲಿ ಚೀನಾದಿಂದ ಇಂಗ್ಲೆಂಡಿಗೆ ಮರಳುತ್ತಿದ್ದ ಲಾರಿ ಬೇಕರ್ ಎಂಬ ಯುವ ವಾಸ್ತುಶಿಲ್ಪಿ ಮುಂಬೈಯಲ್ಲಿ ಹಡಗಿಗಾಗಿ ಕಾಯುತ್ತಿದ್ದರು. ಅಲ್ಲಿ ಗಾಂಧೀಜಿಯ ಭೇಟಿಯಾಯಿತು. ಬೇಕರ್ ಕಾಲಲ್ಲಿ ಬಟ್ಟೆ ಚೂರುಗಳಿಂದ ಹೊಲಿದ ಚೀನಾದ ಜೋಡು. ಗಾಂಧೀಜಿಯ ಕಣ್ಣು ಅದರ ಮೇಲೆ ಬಿತ್ತು, ಮಾತು ಬೆಳೆಯಿತು. ಆದರ್ಶ ಹಳ್ಳಿಯ ಆದರ್ಶ ಮನೆಯನ್ನು ಐದು ಮೈಲಿಯ ಒಳಗೆ ಸಿಗುವ ಸಾಮಾನಿನಿಂದಲೇ ಕಟ್ಟಬೇಕು ಎಂಬ ಗಾಂಧೀಜಿಯ ಮಾತು ತಮ್ಮ ಮನಸ್ಸಿನಲ್ಲಿ ಕೂತುಬಿಟ್ಟಿತು ಅಂತ ಬೇಕರ್ ಮುಂದೆ ನೆನೆದಿದ್ದಾರೆ. ಕೇರಳದಲ್ಲಿ ಅವರು ಕಟ್ಟಿದ ಇಟ್ಟಿಗೆಯ ಮನೆಗಳ ಹಿಂದೆ ಈ ಮಾತಿದೆ.

ಐದು ಮೈಲಿ ಅಂದರೆ 8 ಕಿಲೋಮೀಟರ್. ವಾರ್ಧಾದಿಂದ ಆಶ್ರಮಕ್ಕೆ ಆಟೋದಲ್ಲಿ ನಾನು ಬಂದಷ್ಟೇ ದೂರ. ಎತ್ತಿನ ಗಾಡಿ ಬೆಳಗ್ಗೆ ಹೊರಟು ಮಣ್ಣು ತುಂಬಿಕೊಂಡು ಸಂಜೆಯೊಳಗೆ ಮನೆಗೆ ಬರಬಹುದಾದ ದೂರವೂ ಹೌದು. ನನಗೆ ಇದರಲ್ಲಿ ಸಾಗಾಟದ ಖರ್ಚಿಗಿಂತ ದೊಡ್ಡದೊಂದು ಸಂಗತಿ ಕಾಣುತ್ತದೆ. ಐದು ಮೈಲಿಯ ಒಳಗಿನ ಮಣ್ಣಿಗೆ ಎಷ್ಟು ಗರಸು ಬೇಕು, ಯಾವ ತಿಂಗಳು ಕಡಿದ ಬಿದಿರಿಗೆ ಹುಳ ಹತ್ತುವುದಿಲ್ಲ, ಯಾವ ಕೆರೆಯ ಮಣ್ಣಿನ ಹೆಂಚು ಸೀಳುವುದಿಲ್ಲ ಅನ್ನುವುದು ಗೊತ್ತಿರುವವರೂ ಆ ಐದು ಮೈಲಿಯ ಒಳಗೇ ಇರುತ್ತಾರೆ. ಸಾಮಾನಿನ ಜೊತೆ ತಿಳಿವಳಿಕೆಯೂ ಹತ್ತಿರವೇ ಸಿಗುತ್ತದೆ. ಬಿದಿರಿನ ಮಾತೇ ತೆಗೆದುಕೊಳ್ಳಿ. ಹುಳಕ್ಕೆ ಬೇಕಾದದ್ದು ಬಿದಿರಿನೊಳಗಿನ ಪಿಷ್ಟ. ಹೊಸ ಕಳಲೆ ಏಳುವ ಕಾಲ ಕಳೆದ ಮೇಲೆ ಬಲಿತ ಬಿದಿರಿನಲ್ಲಿ ಪಿಷ್ಟ ಕಮ್ಮಿ ಇರುತ್ತದೆ. ಇದನ್ನು ಪುಸ್ತಕ ಓದಿ ತಿಳಿದವರಿಗಿಂತ ತಟ್ಟಿ ಹೆಣೆದು ತಿಳಿದವರೇ ಜಾಸ್ತಿ.

ಈಗ ತಂಪಿನ ಮಾತಿಗೆ ಬರೋಣ.

ಮಣ್ಣು ಬಿಸಿಲನ್ನು ತಡೆಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ತಡೆಯುವುದಿಲ್ಲ, ತಡ ಮಾಡುತ್ತದೆ. ಬಾವಿಯಿಂದ ಮನೆವರೆಗೆ ಜನ ಸಾಲಾಗಿ ನಿಂತು ಕೊಡ ದಾಟಿಸುತ್ತಿದ್ದಾರೆ ಅಂದುಕೊಳ್ಳಿ. ಆದರೆ ಒಬ್ಬೊಬ್ಬರೂ ಮೊದಲು ತಮ್ಮ ಚೊಂಬು ತುಂಬಿಸಿಕೊಂಡೇ ಕೊಡವನ್ನು ಮುಂದಿನವರಿಗೆ ಕೊಡುತ್ತಾರೆ. ಸಾಲು ಉದ್ದವಾದಷ್ಟೂ ಕೊಡ ತಡವಾಗಿ ತಲುಪುತ್ತದೆ, ತಲುಪುವಾಗ ನೀರೂ ಕಮ್ಮಿ ಇರುತ್ತದೆ. ಬಿಸಿ ಗೋಡೆಯೊಳಗೆ ಹೋಗುವುದು ಹೀಗೆ. ಮಣ್ಣಿನ ಪ್ರತಿ ಪದರವೂ ಮೊದಲು ತಾನು ಕಾದು ಆಮೇಲೆ ಪಕ್ಕದ ಪದರವನ್ನು ಕಾಯಿಸಬೇಕು.

ಲೆಕ್ಕ ಹಾಕಿದರೆ ಮಣ್ಣಿನ ಗೋಡೆಯಲ್ಲಿ ಹಗಲಿನ ಬಿಸಿಯ ಅಲೆ ಒಂದು ಇಂಚು ಸಾಗಲು ಸುಮಾರು 50 ನಿಮಿಷ ಬೇಕು. ಪ್ರತಿ ಐದು ಇಂಚಿಗೆ ಅದರ ಏರಿಳಿತ ಮೂರನೇ ಒಂದು ಪಾಲಿಗೆ ಇಳಿಯುತ್ತದೆ. ನಮ್ಮ ಅಜ್ಜಿಯ ಮನೆಯ ಗೋಡೆ ಒಂದೂವರೆ ಅಡಿ ದಪ್ಪ ಇತ್ತು, ಅಂದರೆ 18 ಇಂಚು. ಮಧ್ಯಾಹ್ನ ಎರಡಕ್ಕೆ ಹೊರಗೋಡೆಗೆ ಬಡಿದ ಬಿಸಿ ಒಳಗೆ ತಲುಪಲು 15 ಗಂಟೆ, ಅಂದರೆ ಮಾರನೇ ಬೆಳಗಿನ ಜಾವ ಐದು. ತಲುಪುವ ಹೊತ್ತಿಗೆ ಏರಿಳಿತದಲ್ಲಿ ನೂರಕ್ಕೆ ಎರಡು ಪಾಲು ಮಾತ್ರ ಉಳಿದಿರುತ್ತದೆ. ಬೆಳಗಿನ ಜಾವ ಹೊರಗಿನ ಗಾಳಿ ತಣ್ಣಗಿರುತ್ತದೆ. ಬಾಗಿಲು ತೆಗೆದರೆ ಅದೂ ಹೋಯಿತು.

ಇದೇ ಲೆಕ್ಕವನ್ನು ಈಗಿನ ಆರ್‌ಸಿಸಿ ಮಾಳಿಗೆಗೆ ಹಾಕಿ. ಐದು ಇಂಚಿನ ಕಾಂಕ್ರೀಟು, ನೆತ್ತಿಯ ಮೇಲೆ ನೇರ ಬಿಸಿಲು. ಬಿಸಿಯ ಅಲೆ ದಾಟಲು ಮೂರೂವರೆ ಗಂಟೆ ಸಾಕು, ಏರಿಳಿತದ ಹೆಚ್ಚುಕಮ್ಮಿ ಅರ್ಧ ಒಳಗೆ ಬರುತ್ತದೆ. ನಾವು ಕೆಲಸ ಮುಗಿಸಿ ಮನೆಗೆ ಬರುವ ಹೊತ್ತಿಗೆ ಮಾಳಿಗೆಯ ಒಳಮೈ ಕಾದು ಕೂತಿರುತ್ತದೆ. ರಾತ್ರಿ ಫ್ಯಾನ್ ಹಾಕಿದರೆ ಬಿಸಿ ಗಾಳಿಯೇ ಮುಖಕ್ಕೆ ಬಡಿಯುವುದು ಇದಕ್ಕೇ. ಇನ್ನು ಒಂದು ಮಿಲಿಮೀಟರೂ ದಪ್ಪವಿಲ್ಲದ ತಗಡಿನ ಶೀಟಿನ ಕೆಳಗೆ ಬದುಕುವವರಿಗೆ ತಡ ಅನ್ನುವುದೇ ಇಲ್ಲ. ಸೂರ್ಯ ಮೋಡದ ಮರೆಗೆ ಹೋಗಿ ಬಂದದ್ದೂ ಅವರ ಮೈಗೆ ಗೊತ್ತಾಗುತ್ತದೆ.

ಸೇವಾಗ್ರಾಮದ ಗುಡಿಸಲುಗಳು ಗೋಡೆಯೊಂದನ್ನೇ ನೆಚ್ಚಿಕೊಂಡಿಲ್ಲ. ಸೂರು ಎಷ್ಟು ಕೆಳಗೆ ಇಳಿದಿದೆ ಅಂದರೆ ಎತ್ತರದವರು ತಲೆ ಬಗ್ಗಿಸಿಯೇ ಬರಬೇಕು. ಹಾಗಾಗಿ ಗೋಡೆಗೆ ಬಿಸಿಲೇ ಬೀಳುವುದು ಕಷ್ಟ. ಸುತ್ತ ಜಗಲಿಯ ನೆರಳು. ನಾಡಹೆಂಚುಗಳು ಒಂದರ ಮೇಲೊಂದು ಕವುಚಿ ಕೂತಿರುತ್ತವೆ, ನಡುವೆ ಗಾಳಿ ಆಡುವ ಸಂದು. ಕೆಳಗಿನ ಬಿಸಿ ಗಾಳಿ ಏರಿ ಆ ಸಂದುಗಳಿಂದ ಜಾರಿಹೋಗುತ್ತದೆ. ಅಂಗಳದಲ್ಲಿ 1936ರಲ್ಲಿ ಗಾಂಧೀಜಿ ನೆಟ್ಟ ಅರಳಿ ಮರ ಇದೆ. ಅದರ ಕೆಳಗೆ ಕೂತರೆ ಎಲೆಗಳ ಸದ್ದಿಗೇ ಅರ್ಧ ಸೆಕೆ ಹೋಗುತ್ತದೆ.

ನನ್ನ ಅಂಗಾಲಿಗೆ ಸಿಕ್ಕ ತಂಪಿನ ಲೆಕ್ಕ ಬೇರೆ. ನೆಲದಡಿ ಮೂರು ಮೀಟರ್ ಇಳಿದರೆ ಅಲ್ಲಿ ಬೇಸಿಗೆಯೂ ಇಲ್ಲ, ಚಳಿಗಾಲವೂ ಇಲ್ಲ. ವರ್ಷವಿಡೀ ಹೆಚ್ಚುಕಮ್ಮಿ ಒಂದೇ ಉಷ್ಣತೆ, ಆ ಊರಿನ ವರ್ಷದ ಸರಾಸರಿಯ ಆಸುಪಾಸು. ಬಿಸಿಲು ಬೀಳದ ಮಣ್ಣಿನ ನೆಲ ಆ ಆಳದ ತಂಪಿನ ಜೊತೆ ನೇರ ನಂಟು ಇಟ್ಟುಕೊಂಡಿರುತ್ತದೆ. ಬರಿಗಾಲಿಟ್ಟರೆ ನಮ್ಮ ಮೈಯ ಬಿಸಿ ಆ ಕಡೆ ಹರಿಯುತ್ತದೆ.

ಬೇಸಿಗೆಯಲ್ಲಿ ಗಾಂಧೀಜಿ ಹಣೆಗೆ, ಹೊಟ್ಟೆಗೆ ಒದ್ದೆ ಮಣ್ಣಿನ ಪಟ್ಟಿ ಹಾಕಿಕೊಳ್ಳುತ್ತಿದ್ದರು. ಹಲವು ಕಾಯಿಲೆಗಳಿಗೆ ಅದೇ ಮದ್ದು ಅಂತ ನಂಬಿದ್ದರು. ಆ ನಂಬಿಕೆಯನ್ನು ನಾನು ಒಪ್ಪಲಾರೆ. ಆದರೆ ತಂಪಿನ ಮಟ್ಟಿಗೆ ಆ ಪಟ್ಟಿ ನಿಜವಾಗಿಯೂ ಕೆಲಸ ಮಾಡುತ್ತದೆ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2400 ಜೂಲ್ ಶಾಖ ಬೇಕು. ಅದರಲ್ಲಿ ಒಂದಷ್ಟನ್ನು ನೀರು ಹಣೆಯಿಂದ ಎಳೆದುಕೊಳ್ಳುತ್ತದೆ. ಬರೀ ಒದ್ದೆ ಬಟ್ಟೆ ಆ ಬಿಸಿ ಗಾಳಿಗೆ ಬೇಗ ಒಣಗುತ್ತದೆ. ಜೇಡಿ ತನ್ನ ಏಳು ಸೈಟಿನಷ್ಟು ಮೈಯಲ್ಲಿ ನೀರನ್ನು ಹಿಡಿದಿಟ್ಟುಕೊಂಡು ನಿಧಾನವಾಗಿ ಬಿಡುತ್ತದೆ. ಗೋಡೆಯೂ ಇದನ್ನೇ ಸಣ್ಣ ಪ್ರಮಾಣದಲ್ಲಿ ಮಾಡುತ್ತದೆ. ಗಾಳಿಯಲ್ಲಿ ತೇವ ಜಾಸ್ತಿಯಾದಾಗ ಹೀರಿಕೊಳ್ಳುತ್ತದೆ, ಗಾಳಿ ಒಣಗಿದಾಗ ಮರಳಿಸುತ್ತದೆ. ಎಣ್ಣೆ ಬಣ್ಣ ಬಳಿದ ಗೋಡೆಗೆ ಇದು ಆಗುವುದಿಲ್ಲ. ಮಣ್ಣಿನ ಗೋಡೆಗೆ ಆಯಿಲ್ ಪೇಂಟ್ ಬಳಿಸಿದವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಒಳಗೆ ಸಿಕ್ಕಿಕೊಂಡ ತೇವ ಹೊರಬರಲು ದಾರಿ ಇಲ್ಲದೆ ಗಾರೆಯನ್ನೇ ಎಬ್ಬಿಸುತ್ತದೆ.

ಸೆಗಣಿಯ ಬಗ್ಗೆ ಎರಡು ಮಾತು. ಹಸು ಎಷ್ಟೇ ಮೆಲುಕು ಹಾಕಿದರೂ ಹುಲ್ಲಿನ ನಾರು ಪೂರ್ತಿ ಕರಗುವುದಿಲ್ಲ. ಆ ಸಣ್ಣ ನಾರುಗಳು ಮಣ್ಣಿನೊಳಗೆ ಹೆಣೆದುಕೊಂಡು ಬಿರುಕು ಹಬ್ಬದಂತೆ ಹಿಡಿಯುತ್ತವೆ. ಆಫ್ರಿಕಾದ ಬುರ್ಕಿನಾ ಫಾಸೊ ದೇಶದಲ್ಲೂ ಗೋಡೆಗೆ ಸೆಗಣಿ ಬೆರೆಸುವ ರೂಢಿ ಇದೆ. ಅಲ್ಲಿನ ಮಣ್ಣಿನ ಇಟ್ಟಿಗೆಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು ಸೆಗಣಿ ಜೇಡಿಯ ಜೊತೆ ಸೇರಿ ನೀರಿನಲ್ಲಿ ಕರಗದ ಒಂದು ಅಂಟನ್ನು ಹುಟ್ಟಿಸುತ್ತದೆ, ಅದರಿಂದ ಇಟ್ಟಿಗೆ ನೀರಿಗೆ ಜಾಸ್ತಿ ಹೊತ್ತು ತಾಳುತ್ತದೆ ಅಂತ ಕಂಡಿದ್ದಾರೆ. ಇಷ್ಟು ಗಟ್ಟಿ ಮಾತು. ಸೆಗಣಿ ರೋಗಾಣುಗಳನ್ನೆಲ್ಲ ಕೊಲ್ಲುತ್ತದೆ ಅನ್ನುವ ಮಾತನ್ನು ಮಾತ್ರ ನಾನು ಹೇಳುವುದಿಲ್ಲ. ಹಸುಗೂಸಿನ ಹೊಕ್ಕುಳಿಗೆ ಸೆಗಣಿ ಮೆತ್ತಿ ಧನುರ್ವಾಯು ಬಂದ ಕತೆಗಳು ನಮ್ಮ ಹಳ್ಳಿಗಳಲ್ಲೇ ಇವೆ. ನೆಲಕ್ಕೆ, ಗೋಡೆಗೆ ಅದು ಒಳ್ಳೆಯ ಸಾಮಾನು. ಗಾಯಕ್ಕಲ್ಲ.

ಮಣ್ಣಿನ ಮನೆಯನ್ನು ಹೊಗಳಿ ಇಲ್ಲಿಗೆ ನಿಲ್ಲಿಸಿದರೆ ನಾನು ಅರ್ಧ ಸತ್ಯ ಹೇಳಿದ ಹಾಗೆ.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರಿನ ಕಿಲ್ಲಾರಿಯಲ್ಲಿ ಭೂಮಿ ನಡುಗಿತು. ಕಲಬುರಗಿ, ಬೀದರಿನಲ್ಲೂ ಜನ ಎದ್ದು ಹೊರಗೆ ಓಡಿದರು. ಲಾತೂರು, ಉಸ್ಮಾನಾಬಾದಿನ ಹಳ್ಳಿಗಳಲ್ಲಿ ಹೆಚ್ಚುಕಮ್ಮಿ ಹತ್ತು ಸಾವಿರ ಜನ ಮಲಗಿದಲ್ಲೇ ಸತ್ತರು. ಅಲ್ಲಿನ ಮನೆಗಳಿಗೆ ಎರಡಡಿಗಿಂತ ದಪ್ಪದ ಕಲ್ಲಿನ ಗೋಡೆ, ಕಲ್ಲಿನ ನಡುವೆ ಬರೀ ಮಣ್ಣು, ತಲೆ ಮೇಲೆ ಮರದ ಜಂತೆ, ಅದರ ಮೇಲೆ ಟನ್ನುಗಟ್ಟಲೆ ಮಣ್ಣಿನ ಮಾಳಿಗೆ. ಭೂಕಂಪದಲ್ಲಿ ಭಾರ ಇದ್ದಷ್ಟೂ ತಳ್ಳುವ ಬಲ ಜಾಸ್ತಿ. ಮಣ್ಣು ಒತ್ತಡ ತಾಳುತ್ತದೆ, ಎಳೆತ ತಾಳುವುದಿಲ್ಲ. ಗೋಡೆ ಹೊರಕ್ಕೆ ಬಾಗಿತು, ಮಾಳಿಗೆ ಒಳಕ್ಕೆ ಬಿತ್ತು.

ಅಜ್ಜಿಯ ಮನೆಯೂ ಮೇಲ್ಮುದ್ದೆ ಮನೆ, ಅಂದರೆ ಮಣ್ಣಿನ ಮಾಳಿಗೆಯದು. ಗದಗದ ಕಡೆ ಅಂಥ ಮನೆಗಳೇ ಇದ್ದದ್ದು. ಆ ಸುದ್ದಿ ಬಂದ ಮೇಲೆ ನಮ್ಮೂರಿನ ಎಷ್ಟೋ ಮಂದಿ ತಿಂಗಳುಗಟ್ಟಲೆ ಕಟ್ಟೆಯ ಮೇಲೆ ಮಲಗಿದರು. ಎರಡು ವರ್ಷದ ಮೇಲೆ ಮನೆ ಕೆಡವಿ ಆರ್‌ಸಿಸಿ ಹಾಕಿದರು. ಆ ಹೆದರಿಕೆ ಸುಳ್ಳಲ್ಲ. ನಾನು ಆ ನಿರ್ಧಾರವನ್ನು ತಪ್ಪು ಅನ್ನಲಾರೆ. ಆದರೆ ಸೇವಾಗ್ರಾಮದ ಕುಟಿಯ ಒಳಗೆ ನಿಂತು ಮೇಲೆ ನೋಡಿದಾಗ ಒಂದು ವ್ಯತ್ಯಾಸ ಹೊಳೆಯಿತು. ಇಲ್ಲಿ ತಲೆ ಮೇಲೆ ಇರುವುದು ಬಿದಿರು ಮತ್ತು ಹೆಂಚು. ಹಗುರ. ಭಾರ ಹೊರಲು ಮರದ ಕಂಬಗಳಿವೆ. ಬಿದಿರು ಬಾಗುತ್ತದೆ, ಥಟ್ಟನೆ ಮುರಿಯುವುದಿಲ್ಲ. ಎರಡನ್ನೂ ನಾವು ಮಣ್ಣಿನ ಮನೆ ಅನ್ನುತ್ತೇವೆ. ಭೂಕಂಪದ ಕಣ್ಣಿಗೆ ಅವೆರಡೂ ಬೇರೆ ಬೇರೆ ಮನೆಗಳು.

ಮಣ್ಣಿನ ಇನ್ನೊಂದು ವೈರಿ ಮಳೆ. ವಾರ್ಧಾದಲ್ಲಿ ವರ್ಷಕ್ಕೆ ಸುಮಾರು 1000 ಮಿಲಿಮೀಟರ್ ಮಳೆ. ಜೇಡಿಯ ಹಾಳೆಗಳನ್ನು ಹಿಡಿದಿಟ್ಟ ನೀರಿನ ಪೊರೆ ಜಾಸ್ತಿ ದಪ್ಪವಾದರೆ ಹಿಡಿತವೇ ಹೋಗುತ್ತದೆ. ಸೂರಿನಿಂದ ಬಿದ್ದ ಹನಿ ನೆಲಕ್ಕೆ ಬಡಿದು ಮೇಲೆ ಚಿಮ್ಮಿ ಗೋಡೆಯ ಕೆಳಗಿನ ಒಂದು ಗೇಣನ್ನು ತಿನ್ನುತ್ತದೆ. ಅದಕ್ಕೇ ಅಡಿಪಾಯ ಎತ್ತರಿಸುವುದು, ಅದಕ್ಕೇ ವರ್ಷ ವರ್ಷ ಮೆತ್ತುವುದು. ಅಜ್ಜಿ ದೀಪಾವಳಿಗೆ ಮುಂಚೆ ಗೋಡೆ ಸಾರಿಸುವಾಗ ಹೇಳುತ್ತಿದ್ದಳು: "ಗ್ವಾಡಿನೂ ಮನಷ್ಯಾರಂಗ ತಮ್ಮಾ, ವರ್ಷಕ್ಕೊಮ್ಮಿ ಎರೀಬೇಕು." ಎಂಟು ದಿನದ ಕೆಲಸ ಅದು. ಮನೆಯ ಹೆಂಗಸರೆಲ್ಲ ಸೊಂಟ ಬಗ್ಗಿಸಿ ಮಾಡಬೇಕು. ಮಣ್ಣಿನ ಮನೆ ಬಿಟ್ಟು ಹೋದದ್ದಕ್ಕೆ ಆ ಸೊಂಟ ನೋವೂ ಒಂದು ಕಾರಣ. ಹೆಂಗಸರ ದುಡಿಮೆಗೆ ಲೆಕ್ಕ ಇಡದೆ ಮಣ್ಣಿನ ಮನೆ ಅಗ್ಗ ಅಂತ ಹೇಳುವುದು ನ್ಯಾಯ ಅಲ್ಲ.

ಹಾಗಂತ ಸಿಮೆಂಟಿನ ಲೆಕ್ಕವೂ ಪೂರ್ತಿ ಹೇಳಬೇಕಲ್ವಾ? ಸುಣ್ಣದ ಕಲ್ಲನ್ನು ಜೇಡಿಯ ಜೊತೆ 1450 ಡಿಗ್ರಿಗೆ ಕಾಯಿಸಿದರೆ ಸಿಮೆಂಟು. ಕಾಯಿಸಲು ಸುಡುವ ಕಲ್ಲಿದ್ದಲಿನ ಹೊಗೆ ಒಂದು ಕಡೆ. ಸುಣ್ಣದ ಕಲ್ಲು ಒಡೆದು ತಾನೇ ಬಿಡುವ ಇಂಗಾಲದ ಡೈ ಆಕ್ಸೈಡ್ ಅದಕ್ಕಿಂತ ಜಾಸ್ತಿ. ಜಗತ್ತಿನಲ್ಲಿ ಮನುಷ್ಯರಿಂದ ಗಾಳಿ ಸೇರುವ ಈ ಅನಿಲದಲ್ಲಿ ನೂರಕ್ಕೆ ಏಳೆಂಟು ಪಾಲು ಸಿಮೆಂಟಿನದೇ.

ಈ ಎರಡರ ನಡುವಿನ ಒಂದು ದಾರಿ ನಮ್ಮ ಬೆಂಗಳೂರಿನಲ್ಲೇ ಹುಟ್ಟಿತು. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ಕೆ.ಎನ್. ರೆಡ್ಡಿ ಅವರು ಹಳ್ಳಿಗಳಿಗೆ ಬೇಕಾದ ವಿಜ್ಞಾನಕ್ಕೆಂದೇ 'ಅಸ್ತ್ರ' ಎಂಬ ಕೇಂದ್ರ ಶುರು ಮಾಡಿದರು. ಅಲ್ಲಿ ಕೆ.ಎಸ್. ಜಗದೀಶ್ ಮತ್ತು ಜೊತೆಗಾರರು ಮಣ್ಣಿನ ಇಟ್ಟಿಗೆಯ ಬೆನ್ನು ಹತ್ತಿದರು. ಸರಿಯಾಗಿ ಮರಳು ಬೆರೆಸಿದ ಮಣ್ಣಿಗೆ ನೂರಕ್ಕೆ ಐದರಿಂದ ಎಂಟು ಪಾಲು ಸಿಮೆಂಟು ಹಾಕಿ, ಕೈಯಿಂದ ಒತ್ತುವ ಯಂತ್ರದಲ್ಲಿ ಬಿಗಿಯಾಗಿ ಅದುಮಿ, ಸುಡದೆ ಹಾಗೇ ನೀರು ಹಾಕಿ ಹದ ಮಾಡುವುದು. ಆ ಯಂತ್ರಕ್ಕೆ 'ಮರ್ದಿನಿ' ಅಂತ ಹೆಸರಿಟ್ಟರು. ಸುಟ್ಟ ಇಟ್ಟಿಗೆಗೆ ಹೋಲಿಸಿದರೆ ಇದಕ್ಕೆ ತಗಲುವ ಶಕ್ತಿ 60ರಿಂದ 70 ಶೇಕಡಾ ಕಮ್ಮಿ. ಮಳೆಗೆ ಹೆದರಬೇಕಾಗಿಲ್ಲ, ವರ್ಷ ವರ್ಷ ಮೆತ್ತಬೇಕಾಗಿಲ್ಲ. ಇಂಥ ಇಟ್ಟಿಗೆಯ ಸಾವಿರಾರು ಕಟ್ಟಡಗಳು ಎದ್ದಿವೆ. ಬೆಂಗಳೂರಿನಲ್ಲಿ ಗಾರೆ ಮಾಡದ, ಮಣ್ಣಿನ ಬಣ್ಣದ ಇಟ್ಟಿಗೆ ಗೋಡೆಯ ಮನೆ ಕಂಡರೆ ಅದು ಈ ವಂಶದ್ದೇ ಇರಬಹುದು. ಅತ್ತ ವಾರ್ಧಾದಲ್ಲೂ ಹಳ್ಳಿಗಳಿಗಾಗಿ ವಿಜ್ಞಾನ ಕೇಂದ್ರ ಇದೆ. ಕುಂಬಾರರು ಮಾಡುವ ಕೊಳವೆಯಂಥ ಹೆಂಚುಗಳನ್ನು ಒಂದರೊಳಗೊಂದು ತೂರಿಸಿ ಕಬ್ಬಿಣವಿಲ್ಲದೆ ಕಮಾನು ಮಾಳಿಗೆ ಕಟ್ಟುವುದನ್ನು ಅವರು ಬೆಳೆಸಿದ್ದಾರೆ.

ಸಂಜೆ ಆಶ್ರಮದ ಪ್ರಾರ್ಥನೆ ಶುರುವಾಗುವುದಕ್ಕೆ ಇನ್ನೂ ಹೊತ್ತಿತ್ತು. ಹಿಂದಿನ ಊರಿನ ಕಡೆ ನಡೆದೆ. ಜಾಸ್ತಿ ಮನೆಗಳು ಸಿಮೆಂಟಿನವು. ಒಂದು ಓಣಿಯಲ್ಲಿ ಐವತ್ತು ದಾಟಿದ ಹೆಂಗಸೊಬ್ಬರು ಜಗಲಿ ಸಾರಿಸುತ್ತಿದ್ದರು. ಬಕೆಟ್ಟಿನಲ್ಲಿ ಸೆಗಣಿ ನೀರು, ಕೈ ಅರ್ಧ ಚಂದ್ರದ ಹಾಗೆ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ. "ಮಾವಶಿ, ನಾನೂ ಒಂದು ಕೈ ಹಾಕಲಾ?" ಅಂತ ನನ್ನ ಹರಕು ಹಿಂದಿಯಲ್ಲಿ ಕೇಳಿದೆ. ಅವರು ನನ್ನ ಪ್ಯಾಂಟು ನೋಡಿದರು, ಆಮೇಲೆ ನಕ್ಕು ಮೂಲೆಯ ಒಂದು ಮೊಳ ಜಾಗ ತೋರಿಸಿದರು.

ನಾನು ಬೆರಳಿನಿಂದ ಎಳೆದೆ. ಗೆರೆ ಗೆರೆಯಾಯಿತು. ಅವರು ನನ್ನ ಮಣಿಕಟ್ಟು ಹಿಡಿದು ಅಂಗೈ ಮಟ್ಟಸ ಮಾಡಿ ನೆಲಕ್ಕೆ ಒತ್ತಿದರು. ಬೆರಳು ಬೇಡ, ಅಂಗೈ ಅಂತ ಮರಾಠಿಯಲ್ಲಿ ಹೇಳಿದರು. ಭುಜದಿಂದ ತೋಳು ತಿರುಗಬೇಕು, ಭಾರ ಅಂಗೈಯ ಬುಡದಲ್ಲಿ ಇರಬೇಕು. ಮೂರನೇ ಸಲಕ್ಕೆ ಸರಿಯಾಗಿ ಬಂತು. ಮೇಲೆ ಬಂದ ನೀರಿನ ಹಿಂದೆ ಜೇಡಿಯ ನುಣುಪು ಪದರ ಕೂತುಕೊಂಡಿತು. ನಾರುಗಳೆಲ್ಲ ಒಂದೇ ಕಡೆ ಮಲಗಿದವು.

ಕಡು ಹಸಿರಿದ್ದ ಜಾಗ ಅಂಚಿನಿಂದ ಒಳಗೆ ಮೆಲ್ಲಗೆ ಬೂದು ಬಣ್ಣಕ್ಕೆ ತಿರುಗುತ್ತಾ ಬಂತು. ಅವರು ಎದ್ದು ಕೈ ತೊಳೆದು ಬಂದು, ಒಣಗಿದ ಕಡೆ ಕಾಲು ನೀಡಿ ಕೂತರು. ನನಗೂ ಕೂರಲು ಹೇಳಿದರು. ಹೊರಗೋಡೆ ಇನ್ನೂ ಬಿಸಿಯಿತ್ತು. ಬೆನ್ನು ತಾಗಿಸಿದರೆ ಗೊತ್ತಾಗುತ್ತಿತ್ತು. ನೆಲ ತಣ್ಣಗಿತ್ತು. ಆಗ ಗಂಟೆ ಆರು. ಮಧ್ಯಾಹ್ನ ಎರಡರ ಬಿಸಿಲು ನನ್ನ ಬೆನ್ನ ಹಿಂದೆ ಗೋಡೆಯೊಳಗೆ ಐದು ಇಂಚು ದಾಟುತ್ತಿರಬೇಕು.